ಹನ್ನೊಂದು ಕೋಲು

ತಲೆ ಎಣಿಸಬಾರದು ಎಂಬುದು ನಮ್ಮ ಕಡೆಯ ಹಳೆಯ ಹೆದರಿಕೆ. ಊಟಕ್ಕೆ ಕುಳಿತ ಮಕ್ಕಳನ್ನೋ ದೋಣಿ ಹತ್ತಿದ ಜನರನ್ನೋ ಬೆರಳು ತೋರಿಸಿ ಒಂದು, ಎರಡು ಎಂದು ಎಣಿಸಿದರೆ ಅದರಲ್ಲಿ ಒಂದು ತಲೆ ಕಡಿಮೆಯಾಗುತ್ತದಂತೆ. ಕುಂದಾಪುರದ ಹಂಚಿನ ಕಾರ್ಖಾನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಹಂಚು ಎಣಿಸುವುದೇ ನನ್ನ ಕೆಲಸವಾಗಿತ್ತು. ಎಣಿಸಿದ ಮಾತ್ರಕ್ಕೆ ಒಂದು ಹಂಚಾದರೂ ಮಾಯವಾದದ್ದನ್ನು ನಾನು ಕಂಡಿರಲಿಲ್ಲ. ಹಾಗಾಗಿ ಈ ಹೆದರಿಕೆಯ ಮಾತು ಬಂದಾಗೆಲ್ಲ ನಗುತ್ತಿದ್ದೆ. ಈಗ ನಗುವುದಿಲ್ಲ. ನಂಬುತ್ತೇನೆಂದೂ ಅಲ್ಲ. ಆ ಹೆದರಿಕೆಯಿಂದ ತಪ್ಪಿಸಿಕೊಳ್ಳಲು ನಾವು ಹೂಡಿದ ಉಪಾಯವೇ ನಮ್ಮ ಕುತ್ತಿಗೆಗೆ ಬಂತು. ಅದನ್ನು ಹೇಳಲಿಕ್ಕೆ ಕುಳಿತಿದ್ದೇನೆ.

ಯುದ್ಧದ ವರ್ಷಗಳು ಅವು. ಅಕ್ಕಿಗೆ ರೇಷನ್, ಸೀಮೆಎಣ್ಣೆಗೆ ಸಾಲು. ಬಸ್ಸುಗಳು ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಕೆಮ್ಮುತ್ತ ಓಡುತ್ತಿದ್ದವು. ಸ್ವಲ್ಪ ಏರು ಬಂದರೆ ಸಾಕು, ಹತ್ತಿದವರೇ ಇಳಿದು ತಳ್ಳಬೇಕು. "ಬಸ್ ತಳ್ಳುಕೆ ಬಲ ಇದ್ದವ್ರಿಗೆ ನಡುಕೆ ಎಂತ ಧಾಡಿ?" ಎಂದು ನಮ್ಮೂರಿನ ನಿವೃತ್ತ ಹೆಡ್‌ಮಾಸ್ತರರೊಬ್ಬರು ಕೇಳಿದರು. ಹಾಗೆ ಹುಟ್ಟಿದ್ದು ನಮ್ಮ ನಡಿಗೆಯ ಸಂಘ. ದೀಪಾವಳಿ ಕಳೆದ ಮೇಲೆ ಶುರು, ಮಳೆಗಾಲ ಹಿಡಿಯುವ ಮೊದಲು ಮುಗಿತಾಯ. ಹದಿನೈದು ದಿನಕ್ಕೊಂದು ಭಾನುವಾರ ಎಲ್ಲಾದರೂ ನಡೆಯುವುದು. ಒಮ್ಮೆ ಕೋಟದ ಕಡಲ ತಡಿ, ಒಮ್ಮೆ ಬೈಂದೂರಿನ ಬಂಡೆಗಳು, ಒಮ್ಮೆ ಬ್ರಹ್ಮಾವರದ ಗದ್ದೆಯ ಅಂಚು ಹಿಡಿದು ಹೊಳೆಯವರೆಗೆ. ಹಿಂದಿನ ಶನಿವಾರ ಸಂಜೆ ಸಂಘದವನೇ ಆದ ಟೈಲರನ ಅಂಗಡಿಯಲ್ಲಿ ಸಭೆ. ಸಭೆ ಎಂದರೆ ಏನು, ಅವಲಕ್ಕಿ ಯಾರು ತರಬೇಕು, ಉಪ್ಪಿನಕಾಯಿ ಯಾರು ತರಬೇಕು ಎಂದು ಒಂದು ಗಂಟೆ ಜಗಳ. ಕೊನೆಗೆ ಎಲ್ಲರೂ ಉಪ್ಪಿನಕಾಯಿಯನ್ನೇ ತಂದು ಗುಡ್ಡದ ಮೇಲೆ ಒಬ್ಬರ ಮುಖ ಒಬ್ಬರು ನೋಡಿದ್ದೂ ಉಂಟು.

ಮೊದಲ ವರ್ಷ ಹೆಡ್‌ಮಾಸ್ತರರು ಶಾಲೆಯ ಅಭ್ಯಾಸದಂತೆ ನಿಂತಲ್ಲೆಲ್ಲ ನಮ್ಮ ತಲೆ ಎಣಿಸುತ್ತಿದ್ದರು. ಇದು ಟೈಲರನ ತಾಯಿಯ ಕಿವಿಗೆ ಬಿತ್ತು. ಆ ಮುದುಕಿ ಅಂಗಡಿಗೇ ಬಂದು, "ಕಾಡಂಗೆ, ಗುಡ್ಡಿ ಮೇಲೆ ನಿಂತ್ಕಂಡ್ ತಲಿ ಎಣ್ಸುದಾ? ನಿಮ್ಗೆ ಎಂತ ಬುದ್ಧಿ ಇತ್ತಾ ಇಲ್ಯಾ?" ಎಂದು ಹೆಡ್‌ಮಾಸ್ತರರಿಗೇ ಜೋರು ಮಾಡಿದಳು. ಮಗನನ್ನು ಇನ್ನು ಕಳಿಸುವುದಿಲ್ಲ ಎಂದಳು. ಟೈಲರ್ ಇಲ್ಲದಿದ್ದರೆ ಸಂಘಕ್ಕೆ ಕೂರಲು ಜಾಗವೇ ಇಲ್ಲ. ಕಡೆಗೆ ಒಂದು ಉಪಾಯ ಕಂಡುಕೊಂಡೆವು. ಪ್ರತಿಯೊಬ್ಬನೂ ಒಂದು ಕೋಲು ಇಟ್ಟುಕೊಳ್ಳುವುದು. ನಿಂತಲ್ಲಿ ಎಲ್ಲರೂ ತಮ್ಮ ಕೋಲನ್ನು ಒಂದೇ ಮರಕ್ಕೆ ಒರಗಿಸುವುದು. ಟೈಲರ್ ಅದನ್ನು ಎಣಿಸಿ ಗಟ್ಟಿಯಾಗಿ ಕೂಗುವುದು. ಲೆಕ್ಕ ಸರಿಯಾದರೆ ಅವನು "ಸಮ!" ಎನ್ನುತ್ತಿದ್ದ. ಆಮೇಲೆ ಎಲ್ಲರೂ ತಮ್ಮ ತಮ್ಮ ಕೋಲು ಎತ್ತಿಕೊಂಡು ಹೊರಡುವುದು. ಲೆಕ್ಕ ಕಡಿಮೆಯಾದರೆ ಒಬ್ಬ ಹಿಂದೆ ಉಳಿದಿದ್ದಾನೆಂದು, ಮರದ ಬುಡದಲ್ಲಿ ಕೋಲು ಉಳಿದರೆ ಅದರ ಧಣಿ ಅಲ್ಲೇ ಎಲ್ಲೋ ತಪ್ಪಿಸಿಕೊಂಡಿದ್ದಾನೆಂದು ಅರ್ಥ. ಮುದುಕಿಗೂ ಸಮಾಧಾನ, ನಮಗೂ ಸಮಾಧಾನ.

ಊರಿನವರು ನಮ್ಮನ್ನು ಕೋಲಿನ ಸಂಘ ಎಂದು ಕರೆಯತೊಡಗಿದರು. ಒಮ್ಮೆ ಪೊಲೀಸಿನವನೊಬ್ಬ ತಡೆದು, ನಸುಕಿನಲ್ಲಿ ಇಷ್ಟು ಜನ ದೊಣ್ಣೆ ಹಿಡಿದು ಎಲ್ಲಿಗೆ ಹೊರಟಿದ್ದು ಎಂದು ವಿಚಾರಿಸಿದ. ಸುಮ್ಮನೆ ನಡೆಯಲಿಕ್ಕೆ ಎಂದರೆ ಅವನು ನಂಬಲಿಲ್ಲ. ಚಳವಳಿಯ ಕಾಲ, ನಂಬದಿದ್ದದ್ದು ಅವನ ತಪ್ಪೂ ಅಲ್ಲ. ಹೆಡ್‌ಮಾಸ್ತರರು ಅವನಿಗೆ ಅವಲಕ್ಕಿಯ ಗಂಟು ಬಿಚ್ಚಿ ತೋರಿಸಬೇಕಾಯಿತು.

ಸಂಘದಲ್ಲಿ ಕುಂದಾಪುರದವರು ಹತ್ತು ಜನ. ಹನ್ನೊಂದನೆಯವರು ನನ್ನ ಭಾವ, ಅಕ್ಕನ ಗಂಡ. ಅವರದು ವಂಡ್ಸೆಯಲ್ಲಿ ಒಂದು ಸಣ್ಣ ಬಟ್ಟೆಯಂಗಡಿ. ಸಂಘ ಆ ಕಡೆ ಬಂದಾಗ ಮಾತ್ರ ನಮ್ಮ ಜೊತೆ ಸೇರುತ್ತಿದ್ದರು, ಅದೂ ನನ್ನ ಕಾಟ ತಾಳಲಾರದೆ. ದಪ್ಪ ಗಾಜಿನ ಕನ್ನಡಕ, ಮೆತ್ತಗಿನ ಮಾತು, ಎತ್ತರ ಕಂಡರೆ ಕಾಲು ನಡುಕ. ಅವರ ಕೋಲನ್ನು ನಾನೇ ಕಡಿದು ಕೊಟ್ಟಿದ್ದೆ. ಗುರುತಿಗೆ ಇರಲಿ ಎಂದು ಅಕ್ಕ ಅದರ ತುದಿಗೆ ಅಂಗಡಿಯ ಕೆಂಪು ಬಟ್ಟೆಯ ತುಂಡು ಸುತ್ತಿ ಬಿಗಿಯಾಗಿ ಕಟ್ಟಿದ್ದಳು. ಅಕ್ಕ ಎಂದರೆ ನನಗೆ ಅಕ್ಕ ಮಾತ್ರವಲ್ಲ. ತಾಯಿ ತೀರಿಕೊಂಡಾಗ ನನಗೆ ಆರು ವರ್ಷ, ಅವಳಿಗೆ ಹದಿನಾಲ್ಕು. ನನಗೆ ತುತ್ತು ಹಾಕಿದ್ದು, ಬೈದದ್ದು, ಬೆಳೆಸಿದ್ದು ಎಲ್ಲ ಅವಳೇ.

ಆ ವರ್ಷದ ಕಡೆಯ ನಡಿಗೆ ಗಾಳಿಬರೆಗೆ ಎಂದು ಗೊತ್ತಾಯಿತು. ವಂಡ್ಸೆಯಿಂದ ಮೂಡಣಕ್ಕೆ ನಾಲ್ಕು ಮೈಲಿ ಹೋದರೆ ಸಿಗುವ ಗುಡ್ಡ ಅದು. ನೆತ್ತಿಯಲ್ಲಿ ಬೋಳು ಬಂಡೆ. ಅಲ್ಲಿ ವರ್ಷವಿಡೀ ಗಾಳಿ ಬೀಸುತ್ತದೆ, ಕಣ್ಣು ಚೂಪಿದ್ದವನಿಗೆ ಕಡಲೂ ಕಾಣುತ್ತದೆ. ಮೇ ತಿಂಗಳು ಮುಗಿಯುತ್ತ ಬಂದಿತ್ತು. ಶನಿವಾರ ಮಧ್ಯಾಹ್ನ ನಾವು ಹತ್ತು ಜನ ದೋಣಿಯಲ್ಲಿ ಹೊಳೆ ದಾಟಿ, ಹೆಮ್ಮಾಡಿಯಲ್ಲಿ ಬಲಕ್ಕೆ ತಿರುಗಿ, ಸಂಜೆಗೆ ವಂಡ್ಸೆಯ ಅಕ್ಕನ ಮನೆ ಮುಟ್ಟಿದೆವು. ದಾರಿಯುದ್ದಕ್ಕೂ ಒಂದು ಎಲೆ ಅಲುಗಲಿಲ್ಲ. ಬೆವರು ಹರಿದು ಕಣ್ಣಿಗೆ ಇಳಿಯುತ್ತಿತ್ತು. ಅಕ್ಕನ ಮನೆಯ ಗೋಡೆಯ ಮೇಲೆ ಇರುವೆಗಳು ಮೊಟ್ಟೆ ಕಚ್ಚಿಕೊಂಡು ಸಾಲಾಗಿ ಮಾಡಿನ ಹಂಚಿಗೆ ಏರುತ್ತಿದ್ದವು. ಕಂಪೌಂಡರ್ ಅದನ್ನು ನೋಡಿ, "ಮಳಿ ಹತ್ರ ಇತ್ತ್ ಮಾರಾಯ್ರೆ" ಎಂದ. ಅವನು ನಮ್ಮ ಸಂಘದ ವೈದ್ಯ. ಜೇಬಿನಲ್ಲಿ ಸದಾ ಅಯೋಡಿನ್ ಸೀಸೆ ಇರುತ್ತಿತ್ತು. ನಾನು ಅವನ ಬಾಯಿ ಮುಚ್ಚಿಸಿದೆ.

ಊಟಕ್ಕೆ ಬಾಳೆಲೆ ಹಾಕುವಾಗ ನಾನು ಬೆರಳು ತೋರಿಸಿ ಒಬ್ಬೊಬ್ಬರನ್ನೇ ಎಣಿಸತೊಡಗಿದೆ. ಅಕ್ಕ ಹಿಂದಿನಿಂದ ಬಂದು ನನ್ನ ಕೈಗೆ ಪಟ್ಟೆಂದು ಹೊಡೆದಳು. "ತಲಿ ಎಣ್ಸ್ತ್ಯಾ? ನಾಳೆ ಗುಡ್ಡಿ ಹತ್ತುಕೆ ಇಪ್ಪ ಜನ್ರನ್ನ? ಎಲಿ ಎಣ್ಸ್!" ಎಂದಳು. ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ.

ಭಾವನಿಗೆ ಬರಲು ಮನಸ್ಸಿರಲಿಲ್ಲ. ನಾಳೆ ಅಂಗಡಿಯಲ್ಲಿ ಹೊಸ ಸರಕು ಬಿಚ್ಚಬೇಕು ಎಂದು ನೆಪ ಹೇಳಿದರು. ನನಗೆ ಸಿಟ್ಟು ಯಾವತ್ತೂ ಮೂಗಿನ ತುದಿಯಲ್ಲೇ. ಎಲ್ಲರ ಎದುರು, "ಬಟ್ಟಿ ಅಳ್ದ್ ಅಳ್ದ್ ನಿಮ್ ಕಾಲ್ ಸತ್ತ್ ಹೋಯ್ತ್ ಭಾವ. ಸೀರೆ ಉಟ್ಕಂಡ್ ಒಳ್ಗೆ ಕೂಕಣಿ" ಎಂದುಬಿಟ್ಟೆ. ಭಾವ ಕನ್ನಡಕ ತೆಗೆದು ಒರೆಸಿದರು. ಮನಸ್ಸಿಗೆ ಬೇಸರವಾದಾಗ ಅವರು ಮಾಡುತ್ತಿದ್ದದ್ದು ಅಷ್ಟೇ. ಮತ್ತೆ ಹಾಕಿಕೊಂಡು "ಬತ್ತೆ" ಎಂದರು.

ಬೆಳಿಗ್ಗೆ ಹೊರಡುವಾಗ ಅಕ್ಕ ನನ್ನನ್ನು ಬಾವಿಕಟ್ಟೆಯ ಹತ್ತಿರ ಕರೆದಳು. "ಕಾಣ್, ಅವ್ರಿಗ್ ಕಣ್ಣ್ ಸಮ ಇಲ್ಲ. ನೀನ್ ಹಟ ಮಾಡಿ ಕರ್ಕಂಡ್ ಹೋತಿದ್ದೆ. ಕರ್ಕಂಡ್ ಹೋದ್ಹಾಂಗೆ ಕರ್ಕಂಡ್ ಬರ್ಕ್. ಹೆಚ್ಚ್ ಕಮ್ಮಿ ಆರೆ ಮಾಸ್ಟ್ರ ಹತ್ರ ಕೇಂಬುದಿಲ್ಲ, ನಿನ್ ಹತ್ರವೇ ಕೇಂತೆ." ನಾನು ಹೂಂ ಎಂದು ತಲೆಯಾಡಿಸಿ ಓಡಿದೆ. ಅವಳು ಅಲ್ಲೇ ನಿಂತಿದ್ದಳು, ಕೈಯಲ್ಲಿ ಖಾಲಿ ಕೊಡಪಾನ.

ಗುಡ್ಡದ ಬುಡದಲ್ಲಿ ಒಂದು ಹಳ್ಳ. ಹಳ್ಳದ ಈಚೆಗೆ ಕೊನೆಯ ಮನೆ, ಅದರಲ್ಲಿ ಒಬ್ಬ ಅಜ್ಜಿ, ಅವಳ ಎಮ್ಮೆ. ಹಳ್ಳದಲ್ಲಿ ಆಗ ಪಾದ ಮುಳುಗುವಷ್ಟೇ ನೀರು. ಇಳಿದು ಬರುವಾಗ ಮಜ್ಜಿಗೆ ಕೊಡುತ್ತೇನೆಂದು ಅಜ್ಜಿ ಹೇಳಿದಳು. ಆಮೇಲೆ ಗುಡ್ಡದ ಕಡೆ ನೋಡಿ, "ಇವತ್ತ್ ಗಾಳಿ ಇಲ್ಲ ಕಾಣಿ. ಗಾಳಿ ಇಲ್ದಿದ್ ದಿನ ನಾವ್ ಆ ಗುಡ್ಡಿಗೆ ಸೊಪ್ಪಿಗೂ ಹೋಪುದಿಲ್ಲ. ಹತ್ತುಕಾಗ ಮಕ್ಳೇ" ಎಂದಳು. ಏಕೆ ಎಂದು ಹೆಡ್‌ಮಾಸ್ತರರು ಕೇಳಿದರು. "ಏಕೆ ಅಂದ್ರೆ? ಹೋಪುದಿಲ್ಲ, ಅಷ್ಟೇ" ಎಂದು ಅವಳು ಎಮ್ಮೆಯ ಕಡೆ ತಿರುಗಿದಳು. ಹೆಡ್‌ಮಾಸ್ತರರು ಒಂದು ಗಳಿಗೆ ಅನುಮಾನಿಸಿದರು. ಅವರನ್ನು ಮುಂದೆ ದೂಡಿದವನೂ ನಾನೇ. ಎರಡು ದಿನದ ರಜೆಯನ್ನು ಎಮ್ಮೆ ಸಾಕುವ ಒಬ್ಬ ಅಜ್ಜಿಯ ಮಾತಿಗೆ ಹಾಳು ಮಾಡುವುದೇ ಎಂದೆ.

ಹತ್ತುವಾಗ ಕಾಡಿನಲ್ಲಿ ಹಕ್ಕಿಯ ಸದ್ದೇ ಇರಲಿಲ್ಲ. ನಮ್ಮ ಉಸಿರು, ಕೋಲಿನ ಟಕ್ ಟಕ್, ಅಷ್ಟೇ. ಟೈಲರ್ ಯಾವಾಗಲೂ ಏನಾದರೂ ಹಾಡುವವನು, ಅವನೂ ಸುಮ್ಮನಾಗಿದ್ದ. ಅರ್ಧ ದಾರಿಯಲ್ಲಿ ಒಂದು ಹೆಬ್ಬಲಸಿನ ಮರ ಇತ್ತು. ಅಲ್ಲಿ ನಿಂತು ಕೋಲು ಒರಗಿಸಿದೆವು. ಟೈಲರ್ ಎಣಿಸಿದ, ಹನ್ನೊಂದು, ಸಮ. ಆ ಮರದಿಂದ ಮೇಲೆ ದಾರಿ ಕಡಿದು. ಕಲ್ಲು, ಬೇರು, ಒಂದು ಬದಿಗೆ ಇಳಿಜಾರು. ಭಾವ ಹತ್ತು ಹೆಜ್ಜೆಗೊಮ್ಮೆ ನಿಂತು ಏದುಸಿರು ಬಿಡುತ್ತಿದ್ದರು. ಪ್ರತಿ ಸಲವೂ ನಾನು ನಿಲ್ಲಬೇಕು. ಪ್ರತಿ ಸಲವೂ ನನ್ನ ಸಿಟ್ಟು ಒಂದು ಮೆಟ್ಟಿಲು ಏರುತ್ತಿತ್ತು.

ನೆತ್ತಿ ಮುಟ್ಟಿದಾಗ ಮಧ್ಯಾಹ್ನ ಒಂದು ಗಂಟೆ ಇರಬಹುದು. ಕಡಲು ಕಾಣಲಿಲ್ಲ. ಪಶ್ಚಿಮದಲ್ಲಿ ಕಡಲಿರಬೇಕಾದಲ್ಲಿ ಕಪ್ಪು ಗೋಡೆ ಎದ್ದಿತ್ತು. ಅವಲಕ್ಕಿ ಬಾಯಿಗೆ ಹಾಕುವಷ್ಟರಲ್ಲಿ ಕೆಳಗಿನ ಕಣಿವೆಯಿಂದ ಮಂಜು ಮೇಲಕ್ಕೆ ಬರತೊಡಗಿತು. ಬೀಸಿ ಬಂದದ್ದಲ್ಲ. ಗಾಳಿಯೇ ಇಲ್ಲವಲ್ಲ. ಮೆಲ್ಲಗೆ ತುಂಬಿಕೊಂಡು ಬಂತು. ಮೊದಲು ಕೆಳಗಿನ ಮರಗಳು ಹೋದವು, ಆಮೇಲೆ ಬಂಡೆಯ ಅಂಚು ಹೋಯಿತು. ಐದು ಮಾರು ಆಚೆ ಕುಳಿತಿದ್ದ ಕಂಪೌಂಡರನ ಮುಖ ಹೋಗಿ ಬರೀ ಕೆಮ್ಮು ಉಳಿಯಿತು. ಆಗ ಅಜ್ಜಿಯ ಮಾತು ನನಗೆ ತಿಳಿಯಿತು. ಗಾಳಿ ಇದ್ದರೆ ಆ ಮಂಜು ಅಲ್ಲಿ ನಿಲ್ಲುವುದೇ ಇಲ್ಲ.

"ಇಳಿನಿ, ಇಳಿನಿ, ಹೆಬ್ಬಲ್ಸಿನ ಬುಡಕ್ಕೆ ಹೋಪ" ಎಂದು ಹೆಡ್‌ಮಾಸ್ತರರು ಕೂಗಿದರು. ಒಬ್ಬರ ಹಿಂದೆ ಒಬ್ಬರು ಇಳಿದೆವು. ನನ್ನ ಹಿಂದೆ ಭಾವ, ಎಲ್ಲರಿಗಿಂತ ಕಡೆಗೆ. ಕಡಿದಾದ ಜಾಗದಲ್ಲಿ ಎರಡೂ ಕೈಯಿಂದ ಬೇರು ಹಿಡಿಯಬೇಕು. ಭಾವ ತಮ್ಮ ಕೋಲನ್ನು ನನ್ನ ಕಡೆ ಚಾಚಿದರು. "ಇದ್ ಒಂಚೂರ್ ಹಿಡ್ಕೊ ಮಾರಾಯ, ಕೈ ಸಾಲುದಿಲ್ಲ." ನಾನು ಕಿತ್ತುಕೊಂಡೆ. ಹಿಡಿದುಕೊಂಡೆ ಎಂದು ಬರೆದರೆ ಸುಳ್ಳಾಗುತ್ತದೆ, ಕಿತ್ತುಕೊಂಡೆ. ನಾಲ್ಕು ಹೆಜ್ಜೆ ಇಳಿದಾಗ ಮತ್ತೆ ಅವರ ದನಿ ಬಂತು. "ಹ್ವಾಯ್, ಒಂದ್ ಗಳ್ಗಿ ನಿಲ್ಲ್. ಕನ್ನಡ್ಕಕ್ಕೆ ಮಂಜ್ ಕೂತಿತ್, ಒರ್ಸ್ಕಂತೆ."

"ನಿಮ್ದ್ ಯಾವತ್ತೂ ಇದೇ ಆಯ್ತ್!" ಎಂದು ನಾನು ಹಿಂದಿರುಗಿ ನೋಡದೆ ಹೇಳಿದೆ. ನಿಲ್ಲಲಿಲ್ಲ. ಎರಡು ಕೋಲು ಹಿಡಿದು ಇಳಿದೇಬಿಟ್ಟೆ. ನಾಲ್ಕು ಹೆಜ್ಜೆ ಹಿಂದಿದ್ದಾರೆ, ಬರುತ್ತಾರೆ, ಬರದೆ ಎಲ್ಲಿಗೆ ಹೋಗುತ್ತಾರೆ ಎಂದುಕೊಂಡೆ. ನನ್ನ ಸಿಟ್ಟಿಗೆ ಬೆಂಕಿ ಬೀಳ.

ಹೆಬ್ಬಲಸಿನ ಬುಡ ಮುಟ್ಟುವಾಗ ಮೊದಲ ಗುಡುಗು ಕೇಳಿತು. ಮರದ ಕಾಂಡವೇ ಸರಿಯಾಗಿ ಕಾಣದಷ್ಟು ಮಂಜು. ಎಲ್ಲರೂ ಬಂದಂತೆ ಕೋಲು ಒರಗಿಸಿದರು. ನಾನೂ ಒರಗಿಸಿದೆ, ನನ್ನದು ಒಂದು, ಭಾವನದು ಒಂದು. ಟೈಲರ್ ಕೈಯಿಂದ ಮುಟ್ಟಿ ಮುಟ್ಟಿ ಎಣಿಸಿದ. "ಹತ್ತ್, ಹನ್ನೊಂದ್! ಸಮ!" ಅವನ ಗಂಟಲು ಎಂಥದ್ದೆಂದರೆ ಗುಡುಗಿನ ನಡುವೆಯೂ ಅರ್ಧ ಗುಡ್ಡಕ್ಕೆ ಕೇಳಿರಬೇಕು. ಆಮೇಲೆ ಅವನು ಯಾವತ್ತೂ ಕೇಳದ ಒಂದು ಮಾತು ಕೇಳಿದ. "ಎಲ್ಲ ಇದ್ರಲೆ?"

ಮಂಜಿನಲ್ಲಿ ಯಾರಿದ್ದಾರೆ ಎಂದು ಯಾರಿಗೆ ಗೊತ್ತು? ಉತ್ತರ ಗೊತ್ತಿರಬೇಕಾದವನು ನಾನೊಬ್ಬನೇ. ಎರಡು ಕೋಲು ಇಟ್ಟವನು ನಾನು. ಹಿಂದಿನಿಂದ ಒಂದು ಕೆಮ್ಮು ಕೇಳಿತು. ಕಂಪೌಂಡರನ ಕೆಮ್ಮು ಅದು, ಅಷ್ಟರಲ್ಲಿ ಭಾವನೂ ಬಂದು ಅವನ ಹತ್ತಿರ ಸೇರಿರುತ್ತಾರೆ, ಮುನಿಸಿಕೊಂಡು ದೂರ ನಿಂತಿರುತ್ತಾರೆ ಎಂದುಕೊಂಡೆ. ತಿರುಗಿ ನೋಡಿ ಒಮ್ಮೆ 'ಭಾವಾ' ಎಂದು ಕರೆದಿದ್ದರೆ ಸಾಕಿತ್ತು. ಮುನಿಸಿಕೊಂಡವರನ್ನು ಮೊದಲು ಕರೆದರೆ ಸೋತ ಹಾಗೆ, ಅದಕ್ಕೆ ಕರೆಯಲಿಲ್ಲ. "ಇದ್ರ್, ಇದ್ರ್, ಲೆಕ್ಕ ಸಮ ಆಯ್ತಲ್ದಾ? ನಡಿನಿ!" ಎಂದು ಕಿರುಚಿದೆ.

ಎಲ್ಲರೂ ತಮ್ಮ ಕೋಲು ಎತ್ತಿಕೊಂಡರು. ನಾನು ಎರಡನ್ನೂ ಎತ್ತಿಕೊಂಡೆ, ಕೆಳಗೆ ಸಮತಟ್ಟು ಸಿಕ್ಕಲ್ಲಿ ಕೊಟ್ಟರಾಯಿತು ಎಂದು. ನಾನು ಆ ಕೆಂಪು ಬಟ್ಟೆಯ ಕೋಲನ್ನು ಅಲ್ಲೇ ಬಿಟ್ಟಿದ್ದರೆ ಟೈಲರ್ ನೋಡುತ್ತಿದ್ದ. ಮರದ ಬುಡದಲ್ಲಿ ಏನೂ ಉಳಿಯಲಿಲ್ಲ.

ಮಳೆ ಹೊಡೆದದ್ದು ನಾವು ಹಳ್ಳದ ಹತ್ತಿರ ಬಂದಾಗ. ಮಂಡಿಯವರೆಗಿನ ಕೆಂಪು ನೀರಿನಲ್ಲಿ ಒಬ್ಬರ ಕೈ ಒಬ್ಬರು ಹಿಡಿದು ದಾಟಿದೆವು. ಆ ಮಳೆಯಲ್ಲಿ ಯಾರ ಕೈ ಯಾರು ಹಿಡಿದರೋ. ಅಜ್ಜಿಯ ಜಗಲಿಗೆ ಓಡಿ ಬಿದ್ದೆವು. ಅಜ್ಜಿ ಮಾತು ತಪ್ಪುವವಳಲ್ಲ, ಸಾಲಾಗಿ ತೆಂಗಿನ ಗೆರಟೆಗಳನ್ನು ಇಟ್ಟು ಮಜ್ಜಿಗೆ ತುಂಬಿಸಿದ್ದಳು. ಒಬ್ಬೊಬ್ಬರೇ ಎತ್ತಿ ಕುಡಿದರು. ಕುಡಿದು ಬಾಯಿ ಒರೆಸಿ ನೋಡಿದರೆ ಒಂದು ಗೆರಟೆ ತುಂಬಿದಂತೆಯೇ ಕುಳಿತಿತ್ತು. "ಬೆಳ್ಗೆ ಹೋದವ್ರ್ ಹನ್ನೊಂದ್ ಜನ ಅಲ್ದಾ? ಒಂದ್ ಗೆರಟಿ ಉಳೀತಲೆ?" ಎಂದಳು ಅಜ್ಜಿ.

ನನ್ನ ಕೈಯಲ್ಲಿ ಎರಡು ಕೋಲು. "ಭಾವಾ!" ಎಂದು ಆಗ ಕರೆದೆ. ಮಳೆಯ ಸದ್ದು ಬಿಟ್ಟರೆ ಬೇರೇನೂ ಇಲ್ಲ.

ಹಳ್ಳಕ್ಕೆ ಓಡಿದೆವು. ಅಷ್ಟರಲ್ಲೇ ನೀರು ಎದೆಮಟ್ಟ ಏರಿ ಮರದ ದಿಮ್ಮಿಗಳನ್ನು ಉರುಳಿಸಿಕೊಂಡು ಹೋಗುತ್ತಿತ್ತು. ನಾನು ಇಳಿಯಲು ಹೋದೆ, ಟೈಲರ್ ಮತ್ತು ಕಂಪೌಂಡರ್ ಅಂಗಿ ಹಿಡಿದು ಎಳೆದರು. ನಾನು ಇಬ್ಬರಿಗೂ ಬೈದೆ, ಅತ್ತೆ. ಹೆಡ್‌ಮಾಸ್ತರರು ಮಾತ್ರ ಸಮಾಧಾನದಿಂದ, "ನೀನ್ ವಂಡ್ಸೆಗ್ ಹೋಗ್. ಹಗ್ಗ ತಾ, ಈಜ್ ಬಪ್ಪ ಜನ್ರನ್ನ ಕರ್ಕಂಡ್ ಬಾ. ನಿನ್ ಅಕ್ಕಂಗೂ ಹೇಳ್ಕಲ್ದಾ" ಎಂದರು. ಆ ಎರಡು ಕೋಲು ಹಿಡಿದೇ ಹೊರಟೆ.

ನಾಲ್ಕು ಮೈಲಿ ಹೇಗೆ ನಡೆದೆನೋ ಗೊತ್ತಿಲ್ಲ. ಅಕ್ಕನ ಮನೆ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಅವಳು ಬಾಗಿಲಲ್ಲೇ ನಿಂತಿದ್ದಳು, ಬೆಳಿಗ್ಗೆಯಿಂದ ಅಲ್ಲೇ ಇದ್ದಳೇನೋ. ನಾನು ಎರಡು ಕೋಲನ್ನೂ ಜಗಲಿಯ ಗೋಡೆಗೆ ಒರಗಿಸಿದೆ. ಅದು ಸಂಘದ ಅಭ್ಯಾಸ, ಎಲ್ಲಿ ನಿಂತರೂ ಕೋಲು ಒರಗಿಸುವುದು. ಆಮೇಲೆ ಹೇಳಿದೆ. "ಭಾವ ಹಿಂದ್ ಉಳ್ಕಂಡ್ರ್ ಅಕ್ಕ. ನಾವೆಲ್ಲ ಕಾದ್ರೂ..." ಎಂದು ಇಲ್ಲದ್ದೊಂದು ಸೇರಿಸಿದೆ. ಅಕ್ಕ ನನ್ನ ಮುಖ ನೋಡಿದಳು. ಆಮೇಲೆ ಗೋಡೆಯ ಕಡೆ ನೋಡಿದಳು. ಬಾವಿಕಟ್ಟೆಗೆ ಹೋಗಿ ಹಗ್ಗ ಬಿಚ್ಚಿ ತಂದು ನನ್ನ ಕೈಗೆ ಹಾಕಿದಳು. ಅವಳು ಅತ್ತಿದ್ದರೆ, ಹೊಡೆದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಊರಿನ ಆರು ಜನ ಬಂದರು. ರಾತ್ರಿಯಿಡೀ ಹಳ್ಳ ಬಿಡಲಿಲ್ಲ. ಬೆಳಕು ಹರಿದು ನೀರು ಸೊಂಟಕ್ಕೆ ಇಳಿದ ಮೇಲೆ ಹಗ್ಗ ಕಟ್ಟಿ ದಾಟಿದೆವು. ಮಂಜು ಹೋಗಿತ್ತು, ಗುಡ್ಡ ತೊಳೆದಿಟ್ಟಂತೆ ಕಾಣುತ್ತಿತ್ತು. ದಾರಿಯುದ್ದಕ್ಕೂ ಕರೆದೆವು. ಉತ್ತರ ಇಲ್ಲ. ಹೆಬ್ಬಲಸಿನ ಬುಡಕ್ಕೆ ಬಂದು ಉಸಿರಿಗೆ ನಿಂತಾಗ ಕಂಪೌಂಡರ್ ಕೈ ಎತ್ತಿ, "ಶ್, ಕೇಣಿ" ಎಂದ. ಟಕ್, ಟಕ್ ಎಂದು ಎಲ್ಲೋ ಕಲ್ಲಿಗೆ ಕಲ್ಲು ತಾಗುವ ಸದ್ದು. ನಮ್ಮ ಕಾಲ ಕೆಳಗಿನಿಂದಲೇ ಬರುತ್ತಿತ್ತು.

ಮರದಿಂದ ಆರು ಮಾರು ದೂರವೂ ಇಲ್ಲ. ದಾರಿಯ ಅಂಚಿನಿಂದ ಜಾರಿ, ಕೆಳಗೆ ಬಂಡೆಗಳ ನಡುವಿನ ಸೀಳಿನಲ್ಲಿ ಭಾವ ಕುಳಿತಿದ್ದರು. ಕನ್ನಡಕ ಇರಲಿಲ್ಲ. ಎಡಗಾಲು ತಿರುಗಬಾರದ ಕಡೆ ತಿರುಗಿತ್ತು. ತುಟಿ ನೀಲಿಗಟ್ಟಿತ್ತು. ಗುಡುಗು, ಮಳೆಯಲ್ಲಿ ಯಾರಿಗೂ ಕೇಳದೆ ಕೂಗಿ ಕೂಗಿ ದನಿ ಸತ್ತುಹೋಗಿತ್ತು. ಹಗ್ಗ ಕಟ್ಟಿಕೊಂಡು ಮೊದಲು ಇಳಿದವನು ನಾನು. ಅವರನ್ನು ತಬ್ಬಿಕೊಂಡೆ. ನನ್ನ ಕಿವಿಯ ಹತ್ತಿರ ಅವರು ಪಿಸುಗುಟ್ಟಿದರು. "ಹನ್ನೊಂದ್ ಅಂದದ್ದ್ ಕೇಂಡಿತ್."

ನಾನು ಹಗ್ಗವನ್ನು ಅವರ ಸೊಂಟಕ್ಕೆ ಬಿಗಿಯುವಾಗ, "ನಿನ್ ಸ್ವರವೂ ಕೇಂಡಿತ್" ಎಂದರು.

ಅಷ್ಟೇ. ಆ ಮೇಲಿನ ಇಪ್ಪತ್ತೆರಡು ವರ್ಷ ಅವರು ಬದುಕಿದ್ದರು. ಆ ವಿಷಯ ಮತ್ತೆ ಎತ್ತಲಿಲ್ಲ. ಕಂಬಳಿಯ ಜೋಲಿಯಲ್ಲಿ ಹೊತ್ತು ಮನೆಗೆ ತಂದಾಗ, ಅಕ್ಕ ಏನಾದರೂ ಕೇಳುವ ಮೊದಲೇ, "ನಾನೇ ಹೇಳ್ದೆ, ನೀವ್ ಮುಂದ್ ಹೋಯ್ನಿ, ನಾನ್ ಹಿಂದಿಂದ ಬತ್ತೆ ಅಂದೇಳಿ. ನಂದೇ ತಪ್ಪ್" ಎಂದು ಎಲ್ಲರೆದುರು ಹೇಳಿದರು. ನಾನು ಅಲ್ಲೇ ಇದ್ದೆ. ಅಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ನಾಟಿವೈದ್ಯ ಕಾಲು ಕಟ್ಟಿದ. ಮೂರು ತಿಂಗಳ ಮೇಲೆ ಎದ್ದು ನಿಂತರು, ಎಡಗಾಲು ಎರಡು ಬೆರಳು ಗಿಡ್ಡವಾಗಿ. ಕೆಂಪು ಬಟ್ಟೆಯ ಕೋಲು ಊರಿಕೊಂಡೇ ಅಂಗಡಿಗೆ ಹೋಗಿ ಬರತೊಡಗಿದರು.

ಸಂಘ ಆ ವರ್ಷ ಮುಚ್ಚಿದಂತೆಯೇ ಆಗಿತ್ತು. ದೀಪಾವಳಿಯ ಹೊತ್ತಿಗೆ ಟೈಲರ್ ಹೇಳಿಕಳಿಸಿದ. ಹೆಡ್‌ಮಾಸ್ತರರಿಗೆ ಮನೆಯಲ್ಲಿ ಕೂತು ಬೇಸರವಂತೆ, ಮುಂದಿನ ಭಾನುವಾರ ಮರವಂತೆಯ ಕಡಲ ತಡಿಯಲ್ಲಿ ನಡೆಯುವುದಂತೆ. ಗುಡ್ಡ ಇಲ್ಲ, ಬರೀ ಮರಳು. ಹಬ್ಬಕ್ಕೆ ವಂಡ್ಸೆಗೆ ಹೋದವನು ಅದನ್ನು ಅಕ್ಕನಿಗೆ ಹೇಳಬೇಕೋ ಬೇಡವೋ ಎಂದು ಎರಡು ದಿನ ಒದ್ದಾಡಿದೆ. ಭಾವ ಜಗಲಿಯಲ್ಲಿ ಕುಳಿತಿದ್ದರು. ಅಕ್ಕ ಬಾವಿಯಿಂದ ನೀರು ಸೇದುತ್ತಿದ್ದಳು. ಹೋಗಿ ಹೇಳಿದೆ.

"ಹೋಗ್" ಎಂದಳು ಅವಳು, ಹಗ್ಗ ಬಿಡದೆ. "ನಾನ್ ಬ್ಯಾಡ ಅಂಬುದಿಲ್ಲ."

ನನಗೆ ಎದೆಯಿಂದ ಕಲ್ಲು ಇಳಿದ ಹಾಗಾಯಿತು. ತಿರುಗಿ ಹೊರಟವನನ್ನು ಅವಳು ಕರೆದಳು. "ಆವತ್ತ್ ನೀನ್ ಬಪ್ಪತ್ತಿಗೆ ಜಗ್ಲಿಗೆ ಎರಡ್ ಕೋಲ್ ಒರ್ಗ್ಸಿದ್ದೆ. ಕೆಂಪ್ ಬಟ್ಟಿ ಕಟ್ಟಿದ್ದ್ ನಾನಲ್ದಾ? ಗುಡ್ಡಿಯಂಗೆ ಬಿದ್ದವ್ರ್ ಕೋಲ್ ಅವ್ರಿಗಿಂತ ಮುಂಚೆ ಮನಿಗ್ ಹ್ಯಾಂಗ್ ಬಂತ್ ಅಂದೇಳಿ ನಾನ್ ಅವತ್ತೇ ಯೋಚ್ನೆ ಮಾಡ್ದೆ."

ನಾನು ಅವಳ ಕೈಯಿಂದ ಹಗ್ಗ ತೆಗೆದುಕೊಳ್ಳಲು ಹೋದೆ, ಅವಳು ಕೊಡಲಿಲ್ಲ.

"ನಿನ್ ಹತ್ರವೇ ಕೇಂತೆ ಅಂದಿದ್ದೆ. ಅವ್ರ್ ಜ್ವರದಂಗೆ ಮಲ್ಕಂಡ್, ಅವ್ನ್ ಹತ್ರ ಎಂತದೂ ಕೇಣ್ಬ್ಯಾಡ ಅಂದ್ರ್. ಅದ್ಕೆ ಕೇಣ್ಲಿಲ್ಲ." ಕೊಡಪಾನ ಎತ್ತಿ ಸೊಂಟಕ್ಕೆ ಇಟ್ಟುಕೊಂಡಳು. "ಬಾ, ಊಟಕ್ಕಾಯ್ತ್."

ಒಳಗೆ ಭಾವ ಕಾಲು ಚಾಚಿ ಗೋಡೆಗೆ ಒರಗಿ ಕುಳಿತಿದ್ದರು. ಎದುರಿಗೆ ಮೂರು ಎಲೆ. ಅಕ್ಕ ಅನ್ನದ ಪಾತ್ರೆ ಕೆಳಗಿಟ್ಟು ನಿಂತಳು. ಬೆರಳು ಚಾಚಿ ಮೊದಲು ಭಾವನನ್ನು ತೋರಿಸಿ "ಒಂದ್" ಎಂದಳು. ತನ್ನ ಎದೆ ಮುಟ್ಟಿಕೊಂಡು "ಎರಡ್" ಎಂದಳು. ಆಮೇಲೆ ಆ ಬೆರಳು ನನ್ನ ಕಡೆ ತಿರುಗಿತು, ಸ್ವಲ್ಪ ಹೊತ್ತು ಹಾಗೇ ನಿಂತಿತು. ಭಾವ ಕನ್ನಡಕ ತೆಗೆದು ಒರೆಸತೊಡಗಿದರು.

"ಮೂರ್" ಎಂದಳು ಅಕ್ಕ. "ಕೂಕೊ."

ನಾನು ಕುಳಿತೆ.